ಹತ್ತೊಂಬತ್ತು ಇಂಚಿನ ಜಾಗ

ಪೀಣ್ಯದ ಶೆಡ್ಡೊಂದರಲ್ಲಿ ನನ್ನ ಹಳೆಯ ವ್ಯಾನನ್ನು ಒಳಗೇ ಉಂಡು ಮಲಗುವಂಥ ಕ್ಯಾರವಾನ್ ಮಾಡಿಸುತ್ತಿದ್ದೆ. ಟಿವಿಗೆ ಇದ್ದದ್ದು ಒಂದೇ ಜಾಗ, ಕಿಟಕಿಗೂ ಕಪಾಟಿಗೂ ನಡುವಿನ ಗೋಡೆ. ಮೂರು ಸಲ ಟೇಪು ಹಿಡಿದು ಅಳೆದು, ದಾಸರಹಳ್ಳಿಯ ಅಂಗಡಿಗಳನ್ನೆಲ್ಲ ಸುತ್ತಿ, ಗಾಡಿಯ ಬ್ಯಾಟರಿಯಲ್ಲೇ ಓಡುವ ಹತ್ತೊಂಬತ್ತು ಇಂಚಿನದೊಂದನ್ನು ಆರಿಸಿ ತಂದೆ. ಅಷ್ಟರಲ್ಲಿ ಅಮ್ಮ ಶೆಡ್ಡಿನ ವೆಲ್ಡರ್‌ಗೆ ಹೇಳಿ ಅದೇ ಗೋಡೆಗೆ ದೇವರ ಫೋಟೋ ಬಿಗಿಸಿ, ಕುಂಕುಮವಿಟ್ಟು, ಊದುಬತ್ತಿಯನ್ನೂ ಹಚ್ಚಿಬಿಟ್ಟಿದ್ದಳು.

"ಪೂರ್ವಕ್ಕೆ ಮುಖ ಮಾಡೈತೆ ಕಣೋ, ತೆಗೀಬಾರ್ದು" ಎಂದಳು.

"ಓಡೋ ಗಾಡೀಲಿ ಪೂರ್ವ ಎಲ್ಲಿಂದ ಬಂತಮ್ಮಾ?" ಎಂದು ರೇಗಿದೆ.

"ನಿಲ್ಸುವಾಗ ನೋಡ್ಕೊಂಡು ನಿಲ್ಸು."

ಪೂಜೆಯಾದ ದೇವರನ್ನು ಕದಲಿಸಲು ವೆಲ್ಡರ್ ಕೂಡ ಒಪ್ಪಲಿಲ್ಲ. ಟಿವಿ ಡಬ್ಬದ ಸಮೇತ ಮಂಚದಡಿ ಸೇರಿತು.

ಮೊದಲ ಪ್ರಯಾಣ. ಮಾಕಳಿಯನ್ನೂ ದಾಟಿರಲಿಲ್ಲ, ಅಮ್ಮ ಹಿಂದಿನಿಂದ ಕೂಗಿದಳು: "ಸೀರಿಯಲ್ ಟೈಮಾಯ್ತು, ಟಿವಿ ಎಲ್ಲೋ?"