ಗೇಟಿನ ಡ್ಯೂಟಿ

ನಾನು ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವನು. ಸೊಲ್ಲಾಪುರದಲ್ಲಿ ನನ್ನದೇ ಖಾನಾವಳಿ ಇದೆ. ಯಾರ ಮುಂದೂ ತಲೆ ತಗ್ಗಿಸದೆ ನಡೆಸಿಕೊಂಡು ಬಂದಿದ್ದೇನೆ. ನನ್ನ ತಮ್ಮ ಮೀಸೆ ಮೂಡುವ ಹೊತ್ತಿಗೆ ಫೌಜಿಗೆ ಹೋಗಿ ಸಿಪಾಯಿಯಾದ. ಹವಾಲ್ದಾರನಾಗಿ ಪಿಂಚಣಿ ಪಡೆದು ನಮ್ಮೂರು ಅಕ್ಕಲಕೋಟಕ್ಕೆ ಮರಳಿದಾಗ ಆ ಮೀಸೆ ನರೆತಿತ್ತು. ಫೌಜಿನಿಂದ ಬಂದ ನಮ್ಮ ಕಡೆಯವರು ಬ್ಯಾಂಕಿನ ಬಾಗಿಲಲ್ಲೋ ಕಾರ್ಖಾನೆಯ ಮುಂದೋ ವಾಚ್‌ಮನ್ ಆಗುತ್ತಾರೆ. ಅವನಿಗೆ ಅದು ಬೇಡವಾಗಿತ್ತು.

"ಅಣ್ಣಾ, ಕಾಲೇಜಿಗಿ ಹೆಸರ ಹಚ್ಚತೀನಿ. ಮಾಸ್ತರ ಆಗಬೇಕಂತ ಭಾಳ ಆಸೆ ಐತಿ," ಅಂದ.

"ಈ ವಯಸ್ಸಿನ್ಯಾಗ? ಮಂದಿ ನಗತಾರಲೇ."

"ನಗಲಿ ಬಿಡು."

ದಿನಾ ಎಸ್‌ಟಿ ಬಸ್ಸು ಹಿಡಿದು ಸೊಲ್ಲಾಪುರಕ್ಕೆ ಬರುತ್ತಿದ್ದ. ಮಧ್ಯಾಹ್ನದ ಊಟ ನನ್ನಲ್ಲಿ. ಒಳಗಿನ ಒಂದು ಟೇಬಲ್ಲಿಗೆ ಗಿರಾಕಿಗಳನ್ನು ಕೂರಿಸದೆ ಅವನ ಓದಿಗೆ ಬಿಟ್ಟುಕೊಟ್ಟೆ. ಊರಿನ ಸಾಲಿಯಲ್ಲಿ ಕನ್ನಡ ಕಲಿತವನು, ಇಲ್ಲಿ ಪಾಠವೆಲ್ಲ ಮರಾಠಿ. ಅವನ ಮರಾಠಿಯೋ ಅರ್ಧ ಫೌಜಿನ ಹಿಂದಿ. ಊಟಕ್ಕೆ ಬರುವ ಅವನ ಕ್ಲಾಸಿನ ಹುಡುಗರು ತಿದ್ದುತ್ತಿದ್ದರು. "ಕಾಕಾ, ನಿಮ್ಮ ಮರಾಠಿ ಕೇಳಿದ್ರ ದುಶ್ಮನ್ ತಾನ ಶರಣ ಬರತಾನ ನೋಡ್ರಿ," ಎಂದು ಒಬ್ಬ ಅಂದರೆ ಇವನೂ ನಗುತ್ತಿದ್ದ.

ಒಂದು ದಿನ ಕಾಲೇಜಿನ ಒಬ್ಬ ಸರ್ ಅವನನ್ನು ಕರೆದರು. ಹೊರಗಿನ ಪುಂಡರು ಒಳಗೆ ನುಗ್ಗುತ್ತಾರೆ, ಎರಡು ದಿನ ಮುಂಜಾನೆ ಒಂದು ತಾಸು ಗೇಟು ನೋಡಿಕೊಳ್ಳಿ ಎಂದರು. ಇವನು "ಜೀ ಸಾಹೇಬ್" ಅಂದ. ಎರಡು ದಿನದ ಮಾತು ಹಾಗೇ ತಿಂಗಳುಗಟ್ಟಲೆ ಮುಂದುವರಿಯಿತು. ಕಾಯಿಪಲ್ಲೆ ತರಲು ಆ ದಾರಿಯಲ್ಲಿ ಹೋದಾಗ ನಾನೇ ನೋಡಿದೆ: ಇಸ್ತ್ರಿ ಮಾಡಿದ ಅಂಗಿ, ನೆಟ್ಟಗಿನ ಬೆನ್ನು, ಹುಡುಗರ ಕಾರ್ಡು ಒಂದೊಂದಾಗಿ ನೋಡಿ ಒಳಗೆ ಬಿಡುತ್ತಿದ್ದ.

"ನಿನ್ನ ಕ್ಲಾಸು?" ಎಂದೆ.

"ಇತಿಹಾಸದ್ದು ನಡದೈತಿ."

"ಮತ್ತ ಹಾಜರಿ?"

"ಡ್ಯೂಟಿ ಮ್ಯಾಲ ಇದ್ದವನ್ನ ಗೈರುಹಾಜರ ಹಿಡಿಯೂದಿಲ್ಲಣ್ಣ."

ಫೌಜಿನಲ್ಲಿ ಹಾಗಂತೆ. ಮುಂಜಾನೆ ಹೆಸರು ಕೂಗುವಾಗ ಪಹರೆಗೆ ನಿಂತವನು ಅಲ್ಲಿರುವುದಿಲ್ಲ. ಆದರೂ ಅವನು ಹಾಜರೆಂದೇ ಲೆಕ್ಕ. ಕಾಲೇಜಿನಲ್ಲೂ ಹಾಗೇ ಇರುತ್ತದೆಂದು ತಮ್ಮ ನಂಬಿದ್ದ. ಅವನ ಮಾತಿನ ಮೇಲೆ ನಾನೂ ನಂಬಿದೆ.

ಪರೀಕ್ಷೆ ಬಂತು, ಎಲ್ಲರಿಗೂ ಹಾಲ್ ಟಿಕೆಟ್ ಬಂತು, ಅವನಿಗೆ ಬರಲಿಲ್ಲ. ಹಾಜರಿ ಕಡಿಮೆ. ಇಬ್ಬರೂ ಆ ಸರ್ ಹತ್ತಿರ ಹೋದೆವು. ಅವರು ನಮ್ಮ ಭಾಷೆಯವರೇ.

"ನೀವ ಗೇಟಿನ್ಯಾಗ ನಿಂದ್ರಿಸಿದ್ರಲ್ಲರಿ ಅವನ್ನ," ಎಂದೆ.

"ಅದು ಪ್ರೀತಿಲೇ ಹೇಳಿದ್ದರಿ. ಪರೀಕ್ಷಾಕ್ಕ ನಿಯಮ ಬ್ಯಾರೆ. ಮುಂದಿನ ವರ್ಷ ಮತ್ತ ಕುಂಡ್ರಲಿ."

ನಾನು ಇನ್ನೂ ಬಾಯಿ ತೆರೆಯುವಷ್ಟರಲ್ಲಿ ಅವರು ತಮ್ಮನ ಕಡೆ ತಿರುಗಿದರು. "ಹವಾಲ್ದಾರ್ ಸಾಹೇಬ್ರ, ಪೇಪರ್ ಇದ್ದಾಗ ಚೀಟಿ ತರತಾವ ಪೋರಗಳು. ಗೇಟಿನ್ಯಾಗ ಕಿಸೆ ತಪಾಸ ಮಾಡಾಕ ನೀವ ಬೇಕ್ರಿ."

"ಜೀ ಸಾಹೇಬ್."

ರಸ್ತೆಯಲ್ಲಿ ಬೈದೆ. "ನಾಚಿಕಿ ಬರೂದಿಲ್ಲೇನಲೇ ನಿನಗ?"

"ಬಾಯಾಗ ಬಂದಬಿಡ್ತಣ್ಣ."

"ಹೋಗಬ್ಯಾಡ."

"ಹೂಂ ಅಂದೀನಿ," ಎಂದ ಅಷ್ಟೇ.

ಪರೀಕ್ಷೆಯ ಮೊದಲ ದಿನ ತನ್ನ ಕ್ಲಾಸಿನ ಹುಡುಗರ ಕಿಸೆಗಳನ್ನು ಅವನೇ ತಡವಿ ನೋಡಿ ಒಳಗೆ ಬಿಟ್ಟ. ಮಧ್ಯಾಹ್ನ ಅವರೊಂದಿಗೇ ಊಟಕ್ಕೆ ಬಂದ. ಒಬ್ಬ ಹುಡುಗ ಪ್ರಶ್ನೆಪತ್ರಿಕೆಯನ್ನು ಟೇಬಲ್ ಮೇಲಿಟ್ಟಿದ್ದ. ಇವನು ಅದನ್ನು ಎಳೆದುಕೊಂಡು ಬೆರಳಿಟ್ಟು ಓದತೊಡಗಿದ. ನಾನು ಬಡಿಸಿದ ರೊಟ್ಟಿ ತಣ್ಣಗಾಗುತ್ತಿತ್ತು.

"ಹೆಂಗ ಐತ್ರಿ ಕಾಕಾ?" ಎಂದ ಆ ಹುಡುಗ.

"ಸರಳ ಐತಿ."

ಪತ್ರಿಕೆಯನ್ನು ಹುಡುಗನಿಗೆ ಕೊಟ್ಟು ಗಡಿಯಾರ ನೋಡಿದ. ಎರಡನೇ ಪಾಳಿಯ ಹುಡುಗರು ಗೇಟಿನಲ್ಲಿ ಸೇರುವ ಹೊತ್ತಾಗಿತ್ತು. ಉಣ್ಣದೆಯೇ ಎದ್ದು ಹೋದ.