ಎಲ್ಲ ದಿನವೂ ಶುಕ್ರವಾರ

ದೀಪ ಹಚ್ಚಿದ ಮೇಲೆ ಮನೆಯಿಂದ ಎಣ್ಣೆ, ಉಪ್ಪು, ಬೆಂಕಿ ಹೊರಗೆ ಕೊಡಬಾರದು. ಮಂಗಳವಾರ, ಶುಕ್ರವಾರವಂತೂ ಹಗಲಲ್ಲೂ ಕೊಡಬಾರದು. ಕೊಟ್ಟರೆ ಅದರ ಬೆನ್ನಿಗೇ ಲಕ್ಷ್ಮಿಯೂ ಹೊರಟುಬಿಡುತ್ತಾಳೆ. ನಮ್ಮ ಓಣಿಯ ಎಲ್ಲ ಮನೆಗಳೂ ಒಪ್ಪಿಕೊಂಡಿದ್ದ ಮಾತು ಇದು. ಬೇರೆ ಯಾವ ವಿಷಯದಲ್ಲೂ ಆ ಮನೆಗಳು ಒಪ್ಪಿದ್ದು ನನಗೆ ನೆನಪಿಲ್ಲ. ಉಳಿದ ದಿನ ಒಂದು ಬಟ್ಟಲು ಎಣ್ಣೆ ಆ ಮನೆಯಿಂದ ಈ ಮನೆಗೆ ಹೋಗುವುದು, ತಿರುಗಿ ಬರುವುದು ನಡೆದೇ ಇತ್ತು. ಹೊಳೆಗಳಿಗೆ ಪೂರ ಬಂದ ವರ್ಷ ಆ ಉಳಿದ ದಿನಗಳಿಗೆ ಏನಾಯಿತು ಎಂಬುದನ್ನು ನಾನು ಕಟ್ಟೆಯ ಮೇಲೆ ಕುಳಿತು ನೋಡಿದೆ. ಧಾರವಾಡದಲ್ಲಿ ಬಿ.ಎ. ಮುಗಿಸಿ ವಿಜಾಪುರದ ಮನೆಗೆ ಬಂದು ಕುಳಿತ ಹುಡುಗಿಗೆ ನೋಡುವುದನ್ನು ಬಿಟ್ಟರೆ ಹೆಚ್ಚು ಕೆಲಸವಿರಲಿಲ್ಲ.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಶ್ರಾವಣದಲ್ಲಿ ಉತ್ತರಕ್ಕೆ ಭೀಮಾ ನದಿ ಏರಿ ಸೊಲ್ಲಾಪುರದ ರೈಲು ಹಾದಿಯನ್ನು ಕೊಚ್ಚಿಕೊಂಡು ಹೋಯಿತು. ದಕ್ಷಿಣಕ್ಕೆ ಡೋಣಿ ಏರಿ ಬಾಬಲೇಶ್ವರದ ರಸ್ತೆಯನ್ನು ನುಂಗಿತು. ಊರು ಮುಳುಗಲಿಲ್ಲ, ವಿಜಾಪುರ ನೀರಿಗಾಗಿ ಬಾಯಿ ಬಿಡುವ ಊರೇ ಹೊರತು ಮುಳುಗುವ ಊರಲ್ಲ. ಆದರೆ ನಮ್ಮ ಚಿಮಣಿ ಎಣ್ಣೆ ಬರುತ್ತಿದ್ದದ್ದು ರೈಲಿನಲ್ಲಿ. ಕಂದೀಲಿಗೂ ಅದೇ, ಸ್ಟೋವಿಗೂ ಅದೇ. ಕಟ್ಟಿಗೆ, ಸಗಣಿಯ ಕುಳ್ಳು ತೊಯ್ದು ಹೋಗಿದ್ದರಿಂದ ಒಲೆ ಹೊತ್ತಿಸುವುದಕ್ಕೂ ಅದೇ ಬೇಕಾಯಿತು. ನಮ್ಮ ಓಣಿಗೆ ವಿದ್ಯುತ್ ಕಂಬಗಳು ಬಂದಿದ್ದವು. ತಂತಿ ಬರುವುದಿತ್ತು.

ಸ್ಟೇಷನ್ ರಸ್ತೆಯ ಎಣ್ಣೆ ಅಂಗಡಿಯ ಮುಂದೆ ಡಬ್ಬಿಗಳು ಪಾಳಿ ಹಚ್ಚಿದವು. ಜನ ಎದುರಿನ ಚಹಾದಂಗಡಿಯಲ್ಲಿ ಕೂತರು. ಡಬ್ಬಿಗಳ ನಡತೆ ಮೆಚ್ಚುವಂತಿತ್ತು. ಒಂದೂ ಮುಂದೆ ನುಗ್ಗಲಿಲ್ಲ, ಒಂದೂ ಇನ್ನೊಂದರ ತಂದೆತಾಯಿಯ ವಿಷಯ ಎತ್ತಲಿಲ್ಲ. ಒಬ್ಬ ವಕೀಲರು ಡಬ್ಬಿ ಕಳುವಾದೀತೆಂದು ತಮ್ಮ ಚಪ್ಪಲಿಯನ್ನು ಪಾಳಿಯಲ್ಲಿಟ್ಟು ಬರಿಗಾಲಲ್ಲಿ ಕೋರ್ಟಿಗೆ ಹೋದರಂತೆ. ಅಂಗಡಿಯ ಬಾಗಿಲು ಸಪ್ಪಳವಾದ ಕೂಡಲೇ ಜನ ಎದ್ದು ಬರುತ್ತಿದ್ದರು. ಪಾಳಿ ಕೆಡುತ್ತಿದ್ದದ್ದು ಆಗ.

ಎಣ್ಣೆ ಟಿಕೋಟಕ್ಕೆ ಬಂದಿದೆ ಎಂದು ಯಾರೋ ಹೇಳಿದರು. ಕಚೇರಿಯಲ್ಲಿ ಗುಮಾಸ್ತರಾಗಿದ್ದ ನಮ್ಮ ತಂದೆ ರಜೆ ಹಾಕಿ, ಖಾಲಿ ಡಬ್ಬಿ ಹಿಡಿದು ಟಿಕೋಟದ ಮೇಲೆ ಹೋಗುವ ಹೊನವಾಡದ ಬಸ್ಸು ಹತ್ತಿದರು. ಬಸ್ಸಿನ ತುಂಬ ಡಬ್ಬಿಗಳೇ. ಅರ್ಧ ದಾರಿಯಲ್ಲಿ ಎದುರಿನಿಂದ ಟಿಕೋಟದ ಬಸ್ಸು ಬಂತು. ರಸ್ತೆಯ ಬದಿ ಮಳೆಗೆ ಕುಸಿದಿದ್ದರಿಂದ ಎರಡೂ ನಿಧಾನ ಮಾಡಿ ನಿಂತವು. ಆ ಬಸ್ಸಿನ ಕಿಟಕಿಗಳಲ್ಲೂ ಡಬ್ಬಿಗಳು.

"ಎಲ್ಲಿಗಿ ಹೊಂಟೀರಿ?" ಎಂದು ಇವರು ಕೇಳಿದರು.

"ವಿಜಾಪುರಕ್ರಿ. ಸ್ಟೇಷನ್ನಿಗಿ ಎಣ್ಣಿ ಬಂದೈತಂತಲ್ರಿ."

"ಎಲ್ಲೀದೋ ಯಪ್ಪಾ. ನಾವ ಎಣ್ಣಿಗಂತ ಟಿಕೋಟಕ್ಕ ಹೊಂಟೇವಿ."

"ಟಿಕೋಟದಾಗ ಕಣ್ಣಿಗಿ ಹಚ್ಚಾಕ ಸೈತ ಇಲ್ರಿ."

ಇಷ್ಟಾದ ಮೇಲೆ ಎರಡೂ ಬಸ್ಸು ಹೊರಟಿದ್ದ ಕಡೆಗೇ ಮುಂದೆ ಹೋದವು. ಯಾರೂ ಇಳಿಯಲಿಲ್ಲ. ಸಂಜೆ ಖಾಲಿ ಡಬ್ಬಿಯೊಡನೆ ಮರಳಿದ ತಂದೆ ಕಾರಣ ಹೇಳಿದರು: "ಅವರ ಮಾತ ಹೆಂಗ ನಂಬೂದು? ನಮ್ಮನ್ನ ಹೊಳ್ಳಿ ಕಳಸಲಿಕ್ಕೆ ಹಂಗ ಅಂದಿರಬೇಕು ಅಂತ ತಿಳಕೊಂಡ್ವಿ." ಟಿಕೋಟದವರೂ ಹಾಗೆಯೇ ತಿಳಿದುಕೊಂಡಿರಬೇಕು. ತಿರುಗಿ ಬರುವಾಗ ಎರಡೂ ಬಸ್ಸು ಮತ್ತೆ ಎದುರಾದವಂತೆ. ಈ ಸಲ ಯಾರೂ ಕಿಟಕಿಯಿಂದ ತಲೆ ಹೊರಗೆ ಹಾಕಲಿಲ್ಲ.

ಓಣಿಯಲ್ಲಿ ಭಕ್ತಿ ಹೆಚ್ಚಿದ್ದು ಆ ವಾರದಿಂದ. ಎರವಲು ಕೇಳಲು ಹೋದವರಿಗೆ ಸೋಮವಾರ ಶಿವನ ವಾರವೆಂದು ಗೊತ್ತಾಯಿತು. ಬುಧವಾರ ಕೊಟ್ಟದ್ದು ತಿರುಗಿ ಬರುವುದಿಲ್ಲ. ಗುರುವಾರ ಗುರುಗಳದು, ಶನಿವಾರದ ಎಣ್ಣೆ ಮಾರುತಿಯದು. ರವಿವಾರಕ್ಕೆ ಏನೂ ಸಿಗದೆ ಎದುರು ಮನೆಯಾಕೆ, "ಅಮಾಸಿ ಹತ್ರ ಬಂತಲ್ಲ," ಎಂದಳು. ಹುಣ್ಣಿಮೆ ಕಳೆದು ಎರಡು ದಿನವಾಗಿತ್ತು. ವಾರ ಸಾಲದಾದಾಗ ಹೊತ್ತು ನೆರವಿಗೆ ಬಂತು. ದೀಪ ಹಚ್ಚಿದ ಮೇಲೆ ತಾನೇ ಕೊಡಬಾರದ್ದು? ಬಾಗಿಲ ಸರಪಳಿ ಸಪ್ಪಳವಾದರೆ ಸಾಕು, ಒಳಗಿನವರು ಓಡಿಹೋಗಿ ದೇವರ ಮುಂದೆ ದೀಪ ಹಚ್ಚಿ ಬಂದು ಬಾಗಿಲು ತೆಗೆಯುತ್ತಿದ್ದರು. ಎಣ್ಣೆ ಕೊಡದಿರುವುದಕ್ಕೆ ಓಣಿಯಲ್ಲಿ ಎಷ್ಟು ಎಣ್ಣೆ ಉರಿಯಿತೋ.

ನಮ್ಮ ಮನೆಯನ್ನು ನಡೆಸುತ್ತಿದ್ದವಳು ನಮ್ಮ ಸೋದರತ್ತೆ. ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ಮಡಿಯಲ್ಲಿ ಬಲು ಕಟ್ಟುನಿಟ್ಟು. ಚಿಮಣಿ ಎಣ್ಣೆ ಎಂದೂ ಅಡಿಗೆಮನೆಯ ಹೊಸ್ತಿಲು ದಾಟಿದ್ದಿಲ್ಲ, ಬಚ್ಚಲ ಮೂಲೆಯೇ ಅದರ ಜಾಗ. ಆ ಶ್ರಾವಣದಲ್ಲಿ ಅದಕ್ಕೆ ಬಡ್ತಿಯಾಯಿತು. ಮನೆಯಲ್ಲಿದ್ದುದನ್ನೆಲ್ಲ ತಾಮ್ರದ ಬಿಂದಿಗೆಯಲ್ಲಿ ತುಂಬಿ, ದೇವರ ಕೋಣೆಯಲ್ಲಿ ದೇವರ ಪೆಟ್ಟಿಗೆಯ ಹಿಂದೆ ಇಟ್ಟಳು. ಅಲ್ಲಿ ಹೊರಗಿನವರ ಕೈ ಹೋಗುವಂತಿಲ್ಲ. ಆದರೆ ಒಳಗಿನವರ ಕೈಯೂ ಹೋಗುವಂತಿರಲಿಲ್ಲ. ಎಣ್ಣೆ ತೆಗೆಯಲು ಸ್ನಾನ ಮಾಡಿ ಮಡಿಯುಟ್ಟು ಒಳಗೆ ಹೋಗಬೇಕು. ಎಣ್ಣೆ ಮುಟ್ಟಿದ ಮೇಲೆ ಮಡಿ ಉಳಿಯುವುದಿಲ್ಲ, ಮತ್ತೆ ಸ್ನಾನ. ಸ್ನಾನಕ್ಕೆ ನೀರು ಕಾಯಿಸಬೇಕಾದರೆ ತೊಯ್ದ ಕುಳ್ಳಿಗೆ ಎಣ್ಣೆ ಹಾಕಬೇಕು. ಎಣ್ಣೆ ದೇವರ ಕೋಣೆಯಲ್ಲಿ. ಅತ್ತೆ ತಣ್ಣೀರು ಮೈಮೇಲೆ ಸುರಿದುಕೊಂಡು ಸೀನುತ್ತ ಓಡಾಡಿದಳು, ಜಾಗ ಮಾತ್ರ ಬದಲಿಸಲಿಲ್ಲ.

ಓಣಿಯ ಕೊನೆಯ ಮನೆಗೆ ಯಾವ ವಾರವೂ ಅಡ್ಡಿಯಿರಲಿಲ್ಲ. ಕಾಖಂಡಕಿಯ ಊರ ಹೊರಗಿನ ಕೇರಿಯಿಂದ ಬಂದು ಬಾಡಿಗೆಗಿದ್ದ ಬೌದ್ಧರ ಕುಟುಂಬ ಅದು. ಗಂಡನಿಗೆ ಸರಕಾರಿ ನೌಕರಿ. ಕೆಲವು ವರ್ಷದ ಹಿಂದೆ ಅವರು ಹಳೆಯ ದೇವರನ್ನೆಲ್ಲ ಬಿಟ್ಟು ಗೋಡೆಗೆ ಬುದ್ಧನ ಒಂದು ಪಟ ಹಾಕಿದ್ದರು. "ವಾರ ಇಲ್ಲ, ಒಪ್ಪತ್ತಿಲ್ಲ, ಎಂಥಾ ಮನಿ ಅದು," ಎಂದು ಓಣಿ ಆಡಿಕೊಂಡಿತ್ತು. ಅವರ ಬಾಗಿಲಲ್ಲಿ ಯಾರೂ ನಿಂತು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ.

ಆ ಮನೆಯ ಮಗಳು ಮಾರ್ಚಿನ ಮೆಟ್ರಿಕ್ ಪರೀಕ್ಷೆಯಲ್ಲಿ ಗಣಿತದಲ್ಲಿ ಮಾತ್ರ ಬಿದ್ದಿದ್ದಳು. ಅಕ್ಟೋಬರಿನಲ್ಲಿ ಇನ್ನೊಮ್ಮೆ ಕೂರುವುದಿತ್ತು. ಪಾಸಾದರೆ ಮುಂದೆ ಓದು. ಇಲ್ಲದಿದ್ದರೆ ಕಾಖಂಡಕಿಯಲ್ಲಿ ಅಜ್ಜಿ ನೋಡಿಟ್ಟ ವರನೊಡನೆ ಮದುವೆ. ಮನೆಯಲ್ಲಿ ಅಷ್ಟು ಖಚಿತವಾಗಿ ಮಾತಾಗಿತ್ತು. ಹಗಲೆಲ್ಲ ಅವಳಿಗೆ ನೀರು ತರುವುದು, ತಮ್ಮಂದಿರನ್ನು ನೋಡಿಕೊಳ್ಳುವುದು. ಓದಲು ಸಿಗುತ್ತಿದ್ದದ್ದು ಕತ್ತಲಾದ ಮೇಲೆ. ಅದಕ್ಕೆಂದು ತಾಯಿ ಮಳೆಗಾಲಕ್ಕೆ ಮೊದಲೇ ಒಂದು ಡಬ್ಬಿ ಎಣ್ಣೆ ತುಂಬಿಸಿಟ್ಟಿದ್ದಳು. ಹುಡುಗಿಯ ಓದಿಗೆ ಒಂದು ಡಬ್ಬಿ ಎಣ್ಣೆಯೇ ಎಂದು ಓಣಿ ನಕ್ಕಿತ್ತು. ಹಾಗಾಗಿ ಅದು ಎಲ್ಲಿದೆ ಎಂಬುದು ಓಣಿಗೆ ಚೆನ್ನಾಗಿ ನೆನಪಿತ್ತು.

ಮೊದಲು ಹೋದವಳು ಎದುರು ಮನೆಯಾಕೆ. "ನಿಮಗೇನ ಅಡ್ಡಿ ಇಲ್ಲಲ್ಲಬೇ ಯಕ್ಕಾ? ನಿಮಗ ವಾರ ಇಲ್ಲಲ್ಲ," ಎಂದಳು. ಆ ತಾಯಿಯನ್ನು ಈ ಓಣಿಯಲ್ಲಿ ಯಾರೋ ಅಕ್ಕಾ ಎಂದು ಕರೆದದ್ದು ಅದೇ ಮೊದಲು. "ಇಲ್ರಿ ಬಾಯಾರ, ತಗೋರಿ," ಎಂದು ಬಾಟಲಿ ತುಂಬಿ ಕೊಟ್ಟಳು. ಬಂದವರು ಬಾಟಲಿಯನ್ನು ಮೆಟ್ಟಿಲ ಮೇಲಿಟ್ಟು ದೂರ ಸರಿಯುತ್ತಿದ್ದರು, ಆಕೆ ಮೇಲಿನಿಂದ ಸುರಿಯುತ್ತಿದ್ದಳು. ಮೇಲಿನಿಂದ ಸುರಿಯುವ ಪದ್ಧತಿ ನಮ್ಮ ಓಣಿಗೆ ಹೊಸದಲ್ಲ. ಈಗ ಸುರಿಯುವ ಕೈ ಮಾತ್ರ ಬೇರೆಯಾಗಿತ್ತು. ಹಾಗೆ ಸುರಿದರೆ ನಾಲ್ಕು ಹನಿ ಚೆಲ್ಲುತ್ತವೆ. ಆ ನಾಲ್ಕು ಹನಿ ನೋಡಲಾರದೆ ಜನ ಬೇಗನೆ ಡಬ್ಬಿಗೆ ತಾವೇ ಕೈ ಹಚ್ಚಿ ಹಿಡಿಯತೊಡಗಿದರು. ಎಣ್ಣೆಗೆ ಮೈಲಿಗೆಯಿಲ್ಲ ಎಂಬ ಶಾಸ್ತ್ರವನ್ನೂ ಅಷ್ಟರಲ್ಲಿ ಯಾರೋ ಹುಡುಕಿದ್ದರು.

ನಮ್ಮ ಅತ್ತೆಯೂ ಹೋಗಿ ತಂದಳು. ನಮ್ಮಲ್ಲಿ ಬಿಂದಿಗೆ ತುಂಬ ಇದೆಯಲ್ಲ ಎಂದೆ.

"ಇಟ್ಟದ್ದ ಬ್ಯಾರೆ, ಖರ್ಚಿಂದ ಬ್ಯಾರೆ," ಎಂದಳು. "ಬಿ.ಎ. ಒಳಗ ಇದನ್ನ ಕಲಸಲಿಲ್ಲೇನು?"

ಆ ಹುಡುಗಿ ಮಧ್ಯಾಹ್ನ ನಮ್ಮ ಕಟ್ಟೆಗೆ ಬಂದು ನನ್ನಿಂದ ಗಣಿತ ಹೇಳಿಸಿಕೊಳ್ಳುತ್ತಿದ್ದಳು. ಒಂದು ದಿನ ಲೆಕ್ಕ ಮಾಡದೆ ಬಂದಳು. ಅವಳು ಹಾಗೆ ಬರುವವಳಲ್ಲ.

"ಎಣ್ಣಿ ತೀರೇತ್ರಿ ಅಕ್ಕಾರ. ಅವ್ವ ಡಬ್ಬಿ ಬೋರಲ ಹಾಕ್ಯಾಳ."

"ಒಯ್ದವರನ್ನ ಕೇಳಲಿಲ್ಲೇನು?"

"ಕೇಳಿದ್ವಿರಿ. ಇವತ್ತ ಬುಧವಾರಂತ್ರಿ."

ನಗದೆ ಹೇಳಿದಳು. ಆಮೇಲೆ ಹೊತ್ತು ಮುಳುಗುವವರೆಗೆ ಮನೆಯ ಮಾಳಿಗೆಯ ಮೇಲೆ ಪುಸ್ತಕ ಹಿಡಿದು ಕೂರುತ್ತಿದ್ದದ್ದು ನಮ್ಮ ಕಟ್ಟೆಗೆ ಕಾಣುತ್ತಿತ್ತು. ಬೆಳಕು ಕಡಿಮೆಯಾದಂತೆ ಪುಸ್ತಕ ಮುಖದ ಹತ್ತಿರ ಬರುತ್ತಿತ್ತು. ಕೊನೆಗೆ ಎದ್ದು ಇಳಿದುಹೋಗುತ್ತಿದ್ದಳು. ದೇವರ ಕೋಣೆಯ ಬಿಂದಿಗೆಯ ವಿಷಯ ಅತ್ತೆಯ ಮುಂದೆ ಮತ್ತೊಮ್ಮೆ ತೆಗೆದೆ. "ಬೌದ್ಧರ ಮಕ್ಕಳಿಗೆ ಗಣಿತ ನೀ ಹೇಳು. ಎಣ್ಣಿ ಮಾತ ನಾ ನೋಡ್ತೀನಿ," ಎಂದಳು. ನೋಡಿದ್ದು ಕಾಣಲಿಲ್ಲ.

ಆ ಶುಕ್ರವಾರ, ದೀಪ ಹಚ್ಚುವ ಹೊತ್ತಿಗಿಂತ ಮೊದಲೇ, ಹುಡುಗಿಯ ತಾಯಿ ಖಾಲಿ ಬಾಟಲಿ ಹಿಡಿದು ಹೊರಟಳು. ಕೊನೆಯ ಮನೆಯಿಂದ ಆಕೆ ನಡೆದು ಬಂದಂತೆ ಒಂದೊಂದೇ ಮನೆಯಲ್ಲಿ ದೀಪ ಹೊತ್ತಿಕೊಳ್ಳುತ್ತ ಬಂತು. ದೂರದಿಂದ ಕಂಡವರಿಗೆ ಯಾರೋ ದೊಡ್ಡವರನ್ನು ಬರಮಾಡಿಕೊಳ್ಳುತ್ತಿದ್ದಾರೆ ಎನ್ನಿಸಬೇಕು. ನಮ್ಮದು ಈ ತುದಿಯ ಮನೆ. ಅತ್ತೆ ಬಾಗಿಲಲ್ಲೇ ನಿಂತಿದ್ದಳು. ಹಿಂದೆ ದೀಪ ಉರಿಯುತ್ತಿತ್ತು.

"ನಮ್ಮ ಎಣ್ಣಿ ಕೊಡ್ರಿ ಅವ್ವಾರ. ಹುಡುಗಿ ಪರೀಕ್ಷೆ ಹತ್ರ ಬಂದೈತಿ."

"ಶುಕ್ರವಾರ ಅಲ್ಲೇನವಾ. ದೀಪ ಬ್ಯಾರೆ ಹಚ್ಚೇನಿ. ಲಕ್ಷ್ಮೀನ್ನ ಮನಿಂದ ಹೊರಗ ಕಳಸ ಅಂತೀಯೇನು?"

"ಹೊರಗ ಅಲ್ರಿ. ಈ ಲಕ್ಷ್ಮಿ ನಮ್ಮನ್ಯಾಗಿಂದ ಬಂದಾಳ್ರಿ. ಪಂಚಮಿಗಿ ಕರೀಬೇಕಾಗಿತ್ತು, ಕರೀಲಿಲ್ಲ. ಈಗ ತವರಿಗಿ ಕಳಸಿಕೊಡ್ರಿ."

"ಶುಕ್ರವಾರ ಹೆಣ್ಣಮಕ್ಕಳನ್ನ ಕಳಸಂಗಿಲ್ಲ."

"ಗಂಡನ ಮನಿಗಿ ಕಳಸಂಗಿಲ್ರಿ. ತವರಿಗಿ ಬರಾಕ ಯಾವ ವಾರ ನೋಡತಾರ್ರಿ? ನೀವು ನೋಡಿದ್ರೇನು?"

ಆಕೆ ಚುಚ್ಚಿ ಹೇಳಿದಳೋ, ಕೇಳಬೇಕೆಂದೇ ಕೇಳಿದಳೋ ನನಗೆ ಇಂದಿಗೂ ಗೊತ್ತಿಲ್ಲ. ಅತ್ತೆ ತವರಿಗೆ ಬಂದ ದಿನದ ಬಗ್ಗೆ ನಮ್ಮ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಅವಳು ಬಾಗಿಲಿನಿಂದ ನೇರ ಬಚ್ಚಲಿಗೆ ಹೋದಳು. ತಣ್ಣೀರು ಬೀಳುವ ಸಪ್ಪಳ, ಒಂದು ಸೀನು. ಒದ್ದೆ ಸೀರೆಯಲ್ಲಿ ಬಿಂದಿಗೆ ಹೊತ್ತು ಬಂದಳು.

ಬಾಟಲಿ ಮೆಟ್ಟಿಲ ಮೇಲಿತ್ತು. ಅತ್ತೆ ಮೇಲಿನಿಂದ ಸುರಿದಳು. ಬಿಂದಿಗೆಯ ಬಾಯಿ ದೊಡ್ಡದು, ಬಾಟಲಿಯದು ಸಣ್ಣದು. ಅರ್ಧ ಎಣ್ಣೆ ಮೆಟ್ಟಿಲಿಗೆ ಹೋಯಿತು. ತಾಯಿ ತಟ್ಟನೆ ಬಾಗಿ ಬಾಟಲಿಯನ್ನು ಮೇಲೆತ್ತಿ ಹಿಡಿದಳು, ಇನ್ನೊಂದು ಕೈಯಿಂದ ಅತ್ತೆಯ ಮಣಿಕಟ್ಟನ್ನೂ ಹಿಡಿದಳು. ಎದುರು ಮನೆಯ ಕಿಟಕಿಯಲ್ಲಿ ಎರಡು ತಲೆ ಕಂಡವು. ಒದ್ದೆ ಮಡಿಯಲ್ಲಿದ್ದ ಅತ್ತೆ ತನ್ನ ಕೈಯ ಮೇಲಿದ್ದ ಆ ಕೈಯನ್ನು ನೋಡಿದಳು.

"ಅಳ್ಳಾಡಬ್ಯಾಡವಾ," ಎಂದಳು. "ಗಟ್ಟಿ ಹಿಡಿ. ಚೆಲ್ಲತದ."

ಬಾಟಲಿ ತುಂಬಿತು. ಅತ್ತೆ ಇನ್ನೊಂದು ಬಾಟಲಿ ತರಲು ನನ್ನನ್ನು ಒಳಗೆ ಕಳಿಸಿದಳು. ಅದೂ ತುಂಬಿತು. ಅತ್ತೆ ಮತ್ತೆ ಬಚ್ಚಲಿಗೆ ಹೋದಳು. ಮರುದಿನ ಓಣಿಯ ಬೇರೆ ಮನೆಗಳಿಂದಲೂ ಅಲ್ಲಿಗೆ ಎಣ್ಣೆ ಹೋಯಿತು. ಶನಿವಾರ ಮಾರುತಿ ಸುಮ್ಮನಿದ್ದ. ಕೆಲವರು ತಂದದ್ದಕ್ಕಿಂತ ಸಣ್ಣ ಬಾಟಲಿಯಲ್ಲಿ ಕೊಟ್ಟರೆಂದು ಕೇಳಿದೆ. ಮಾಳಿಗೆಯ ಮೇಲೆ ಹುಡುಗಿ ಮತ್ತೆ ಕಾಣಲಿಲ್ಲ. ಮನೆಯೊಳಗೆ ಕಂದೀಲು ಕಂಡಿತು.

ರೈಲು ಹಾದಿ ಸರಿಯಾಗಿ ಎಣ್ಣೆ ಬಂತು. ಬುಧವಾರ ಮತ್ತೆ ಬರೀ ಬುಧವಾರವಾಯಿತು. ಆ ತಾಯಿಯನ್ನು ಅಕ್ಕಾ ಎಂದು ಕರೆಯುವುದೂ ನಿಂತಿತು.

ಹುಡುಗಿ ಗಣಿತದಲ್ಲಿ ಪಾಸಾದಳು. ಕಾಖಂಡಕಿಯ ಮಾತು ಅಲ್ಲಿಗೇ ಮುಗಿಯಿತು. ಓಣಿಗೆ ಇದರಲ್ಲಿ ತನ್ನ ಪಾಲು ಕಂಡಿತು. "ನಮ್ಮ ಎಣ್ಣ್ಯಾಗ ಓದಿದ್ದಳಲ್ಲ," ಎಂದು ಎದುರು ಮನೆಯಾಕೆ ಹೇಳಿದಳು. ನಮ್ಮ ಅತ್ತೆಯೂ ಸ್ಟೇಷನ್ ರಸ್ತೆಯವರೆಗೆ ಅದನ್ನೇ ಹೇಳಿಕೊಂಡು ಬಂದಳು. ಎಣ್ಣೆ ಮೊದಲು ಯಾರದಾಗಿತ್ತು ಎಂದು ಯಾರೂ ಕೇಳಲಿಲ್ಲ.

ಪೇಢೆ ಹಂಚಲು ತಾಯಿ, ಮಗಳು ಇಬ್ಬರೂ ಬಂದರು. ದೀಪ ಹಚ್ಚಿ ಆಗಿತ್ತು. ತಾಯಿ ಮೆಟ್ಟಿಲ ಕೆಳಗೇ ನಿಂತು, ಮುಖದಲ್ಲಿ ಏನನ್ನೂ ತೋರಿಸದೆ, "ಶುಕ್ರವಾರ ಐತ್ರಿ ಅವ್ವಾರ. ನಡೀತೈತೇನ್ರಿ?" ಎಂದು ಕೇಳಿದಳು.

ಅತ್ತೆ ಪೊಟ್ಟಣವನ್ನು ನೋಡಿದಳು. ಅಂಗಡಿಯದು, ದಾರ ಬಿಚ್ಚಿರಲಿಲ್ಲ. ಅವಳಾಗಿಯೇ ಒಂದು ಮೆಟ್ಟಿಲು ಇಳಿದು ಕೈ ಚಾಚಿದಳು.

"ಕೊಡು," ಎಂದಳು. "ಬರೂದಕ್ಕ ವಾರ ಇಲ್ಲ."