ಹಿಂದಕ್ಕೆ ಇಳಿಯಬಲ್ಲ ಗಾಡಿ

ತಾನೇ ಹದಿನೆಂಟು ವರ್ಷ ಓಡಿಸಿದ ಜೀಪಿನ ಚಾಸಿ ಮುರಿದ ದಿನ, ಆರೋಗ್ಯ ಕೇಂದ್ರದ ನರ್ಸಕ್ಕ ಅದರ ಬಾನೆಟ್ಟಿನ ಮೇಲೆ ಅಂಗೈಯಿಟ್ಟು ಸ್ವಲ್ಪ ಹೊತ್ತು ನಿಂತಳು, ಜ್ವರ ನೋಡುವವರ ಹಾಗೆ. ಆಮೇಲೆ ಒಳಗೆ ಹೋಗಿ ಗೋಡೆಯ ಮೇಲಿನ ಬಸುರಿಯರ ಪಟ್ಟಿ ನೋಡಿದಳು. ಗುಡ್ಡದ ಮೇಲಿನ ಹಟ್ಟಿಯಲ್ಲಿ ಕುರಿಗಾರನ ಸೊಸೆಗೆ ದಿನ ತುಂಬಲು ಇನ್ನು ಮೂರೇ ವಾರ. ಚೊಚ್ಚಲು, ಮಗು ಅಡ್ಡ ಮಲಗಿತ್ತು. ಆಸ್ಪತ್ರೆಯಲ್ಲದೆ ಬೇರೆ ದಾರಿಯಿಲ್ಲ. ಗಾಡಿಯಿಲ್ಲದಿದ್ದರೆ ಅವಳನ್ನು ಕಂಬಳಿಯಲ್ಲಿ ಹೊತ್ತು ಇಳಿಸಬೇಕು.

ಮೇಲಿನ ಕಚೇರಿಯವರು ಎರಡು ಗಾಡಿ ಕಳಿಸಿ, ಯಾವುದು ಬೇಕೋ ಸಂಜೆಯೊಳಗೆ ತಿಳಿಸಿ ಎಂದರು. ಒಂದು ಉದ್ದನೆಯ ಬಿಳಿ ಗಾಡಿ, ಮೈಯೆಲ್ಲ ಮಿಂಚು. ಇನ್ನೊಂದು ಚಿಕ್ಕದು, ಬೂದು ಬಣ್ಣ, ಮೊಂಡು ಮೂಗು. ಬಾಗಿಲು ಹಾಕಿದರೆ ತಗಡಿನ ಡಬ್ಬದ ಸದ್ದು.

"ಮೇಡಂ, ಈ ಬಿಳೀದರಲ್ಲಿ ಹಿಂದೆ ಕ್ಯಾಮೆರಾ, ಮುಂದೆ ಪರದೆ ಇದೆ. ಹಿಂದಿರೋದೆಲ್ಲ ಕಾಣುತ್ತೆ," ಎಂದ ಗಾಡಿಗಳ ಜೊತೆ ಬಂದಿದ್ದ ಕಂಪನಿಯವನು.

ನರ್ಸಕ್ಕ ಪರದೆಯ ಕಡೆ ತಿರುಗಲಿಲ್ಲ. ಹಿಂದಿನ ಬಾಗಿಲು ತೆಗೆದು, ಚಪ್ಪಲಿ ಬಿಟ್ಟು, ಸೀಟಿನ ಮೇಲೆ ಮಲಗಿ ಮಂಡಿ ಮಡಚಿಕೊಂಡಳು. ಹೊಟ್ಟೆಯ ಮೇಲೆ ಎರಡೂ ಕೈ.

ಗ್ಯಾರೇಜು ನಡೆಸುವ ಮೈದುನ ಸ್ಟೇರಿಂಗ್ ಹಿಡಿದು ಕೂತಿದ್ದ. ಹಿಂದಕ್ಕೆ ನೋಡಿ ಕಣ್ಣರಳಿಸಿದ. "ಅತ್ತಿಗೇ, ಈ ವಯಸ್ಸಿನಲ್ಲಿ ಇದೇನಿದು? ಅಣ್ಣನಿಗೆ ಗೊತ್ತಾ?"

"ಬಾಯಿ ಮುಚ್ಕೊಂಡು ಗುಡ್ಡ ಹತ್ತಿಸೋ."

ಬಿಳಿ ಗಾಡಿ ಹೊಟ್ಟೆಯ ನೀರು ಅಲುಗದಂತೆ ಹತ್ತಿತು. ನರ್ಸಕ್ಕ ಕಣ್ಣು ಮುಚ್ಚಿದಳು. ನೋವು ತಿನ್ನುತ್ತಾ ಇಳಿಯುವ ಹುಡುಗಿಗೆ ಇಂಥದೇ ಬೇಕು ಎಂದುಕೊಂಡಳು. ಆ ಮೆತ್ತನೆಯ ಸೀಟು ಬಿಟ್ಟೇಳಲು ಅವಳಿಗೇ ಮನಸ್ಸಾಗಲಿಲ್ಲ.

ಆದರೆ ಹಟ್ಟಿಯ ದಾರಿ ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಮರಿ. ತುದಿಯಲ್ಲಿ ಗಾಡಿ ತಿರುಗಿಸಲು ಜಾಗವಿಲ್ಲ. ಅರ್ಧ ಮೈಲಿ ಹಿಮ್ಮುಖವಾಗಿಯೇ ಇಳಿಯಬೇಕು. ಅವಳು ಡ್ರೈವರ್ ಸೀಟಿಗೆ ಬಂದಳು.

"ತಿರುಗಿಸ್ಕೊಂಡು ಹೋಗಬಹುದಲ್ಲ ಮೇಡಂ?"

"ಎಲ್ಲಿ, ನಿಮ್ಮ ತಲೆ ಮೇಲಾ?" ಎಂದ ಮೈದುನ.

ಬಂಡೆಯ ತಿರುವಿನಲ್ಲಿ ಬಿಳಿ ಗಾಡಿಯ ಹಿಂಭಾಗ ಕಮರಿಯ ಮೇಲೆ ಚಾಚಿತು. ಕ್ಯಾಮೆರಾಕ್ಕೆ ಕೆಸರು ಹಾರಿ ಪರದೆಯೆಲ್ಲ ಕಂದು ಬಣ್ಣವಾಯಿತು. ಕಂಪನಿಯವನು ಮೆಲ್ಲಗೆ ಬಾಗಿಲು ತೆಗೆದು, "ನಾನು ನಡ್ಕೊಂಡೇ ಬರ್ತೀನಿ," ಎಂದ. ಮುಂದೆ ಹಿಂದೆ, ಮುಂದೆ ಹಿಂದೆ ಆಡಿಸಿ ಅವಳು ಅದನ್ನು ದಾಟಿಸಿದಳು. ಆ ಒಂದು ತಿರುವಿಗೇ ಇಪ್ಪತ್ತು ನಿಮಿಷ ಹಿಡಿಯಿತು.

ಚಿಕ್ಕ ಗಾಡಿ ಹತ್ತುವಾಗ ಮೂಳೆ ಮೂಳೆ ಬೇರೆ ಮಾಡಿತು. "ಹಲ್ಲೆಲ್ಲ ಇವೆಯಾ ನೋಡ್ಕೊಳ್ಳಿ ಅತ್ತಿಗೆ!" ಇಳಿಯುವಾಗ ಅವಳು ಕಿಟಕಿಯಾಚೆ ಕತ್ತು ಹಾಕಿ, ಹಿಂದಿನ ಚಕ್ರವನ್ನೇ ನೋಡುತ್ತಾ, ಆ ತಿರುವನ್ನು ಒಂದೇ ಸಲಕ್ಕೆ ದಾಟಿದಳು.

"ಇದೇ ಇರಲಿ."

"ಕುಲುಕಾಟ, ಮೇಡಂ?" ಎಂದ ಕಂಪನಿಯವನು.

"ಕುಲುಕಾಟಕ್ಕೆ ಹಾಸಿಗೆ ಹೊಲಿಸಬಹುದಪ್ಪಾ. ಉದ್ದಕ್ಕೇನು ಮಾಡಲಿ, ಕತ್ತರಿಸಲಾ?"

ಹಳೆಯ ಜೀಪಿನ ಸೀಟುಗಳಿಂದ ಸ್ಪಂಜು ಬಿಚ್ಚಿ ದರ್ಜಿಗೆ ಕೊಟ್ಟಳು. ಹಾಸಿಗೆ ಬಂದಾಗಲೆಲ್ಲ ಮಲಗಿ ಗುಡ್ಡ ಹತ್ತಿ, "ಸೊಂಟಕ್ಕೆ ಸಾಲದು," ಎಂದು ಮೂರು ಸಲ ಹೊಲಿಗೆ ಬಿಚ್ಚಿಸಿದಳು. ದರ್ಜಿ ಗೊಣಗಿದ, ನಾಲ್ಕನೆಯ ಸಲ ಚೆನ್ನಾಗಿ ಹೊಲಿದ.

ಹತ್ತೊಂಬತ್ತನೆಯ ದಿನ ಬೆಳಗ್ಗೆ ಹಟ್ಟಿಯಿಂದ ಫೋನು ಬಂತು. ಸೊಸೆಯನ್ನು ಹಾಸಿಗೆಯ ಮೇಲೆ ಮಲಗಿಸಿ, ತಲೆಯ ಬಳಿ ಅವಳ ಅತ್ತೆಯನ್ನು ಕೂರಿಸಿ, ನರ್ಸಕ್ಕ ಹಿಂದಕ್ಕೆ ಇಳಿಸತೊಡಗಿದಳು.

"ಅಕ್ಕಾ," ಹುಡುಗಿ ನೋವಿನ ನಡುವೆ ಕೇಳಿದಳು, "ಹಿಂದ್ಹಿಂದಕ್ಕೆ ಹೋಗ್ತಾ ಇದೀವಲ್ಲಾ?"

"ಆಸ್ಪತ್ರೆ ಈ ಕಡೆನೇ ಇರೋದು ಕಣಮ್ಮಾ. ಉಸಿರು ಬಿಡು, ನಿಧಾನಕ್ಕೆ."

ತಿರುವು ಬಂತು, ಹೋಯಿತು. ಹುಡುಗಿಗೆ ಗೊತ್ತೇ ಆಗಲಿಲ್ಲ.

ಮಧ್ಯಾಹ್ನ ಆಪರೇಷನ್ ಕೋಣೆಯ ಬಾಗಿಲು ತೆರೆಯಿತು. ಹುಡುಗಿಯ ಅತ್ತೆ ಅಂಗಳಕ್ಕೆ ಬಂದಾಗ ನರ್ಸಕ್ಕ ಗಾಡಿಯ ಕೆಸರು ತೊಳೆಯುತ್ತಿದ್ದಳು.

"ಹೆಣ್ಣು ಮಗು. ಇಬ್ಬರೂ ಚೆನ್ನಾಗಿದ್ದಾರೆ," ಎಂದವಳು ಗಾಡಿಯನ್ನೊಮ್ಮೆ ದಿಟ್ಟಿಸಿದಳು. "ಮೂಗು ಮಾತ್ರ ನಿಮ್ಮ ಈ ಗಾಡೀದೇ."